ನಾಲ್ಕೂ ಗೇರು ಹಿಂದಕ್ಕೆ

ಆ ಕಡ್ಡಿ ಒಂದು ಗೇಣಿಗಿಂತ ಉದ್ದವಿರಲಿಲ್ಲ. ಸ್ಟೇರಿಂಗಿನ ಕೆಳಗೆ, ಎಡಗೈ ತಾನಾಗಿ ಹೋಗಿ ಬೀಳುವ ಜಾಗದಲ್ಲಿ, ತಲೆಗೊಂದು ಕಪ್ಪು ಗುಂಡು ಹೊತ್ತು ನಿಂತಿತ್ತು. ಮಾಪಣ್ಣ ಅದನ್ನು ಎಳೆಯದೆ ಇದ್ದಿದ್ದರೆ ಆ ದಿನ ಘೋಡಬಂದರ್ ರಸ್ತೆಯ ಅರ್ಧ ಜನ ಹೊತ್ತಿಗೆ ಸರಿಯಾಗಿ ಆಫೀಸು ಮುಟ್ಟುತ್ತಿದ್ದರು.

ಮಾಪಣ್ಣ ಇಂಡಿ ಕಡೆಯವನು. ಠಾಣೆಗೆ ಬಂದು ಒಂಬತ್ತು ವರ್ಷ. ಆ ಒಂಬತ್ತು ವರ್ಷವೂ ಅವನ ತಲೆಯ ಮೇಲೆ ಏನಾದರೊಂದು ಇದ್ದೇ ಇತ್ತು, ಸಿಮೆಂಟಿನ ಚೀಲವೋ, ಇಟ್ಟಿಗೆಯೋ, ಉಸುಕಿನ ಪುಟ್ಟಿಯೋ. ಎತ್ತಿಗಾದರೂ ನೊಗ ಇಳಿಸುವ ಹೊತ್ತು ಎಂಬುದೊಂದಿರುತ್ತದೆ. ಹೋದ ತಿಂಗಳು ಕುತ್ತಿಗೆ ಹಿಡಿದುಕೊಂಡು ದವಾಖಾನೆಗೆ ಹೋದಾಗ ಡಾಕ್ಟರು, ಇನ್ನು ತಲೆಯ ಮೇಲೆ ಭಾರ ಹೊತ್ತರೆ ಕೈಯೂ ಬಿದ್ದುಹೋದೀತು, ಕೂತು ಮಾಡುವ ಕೆಲಸ ಹುಡುಕಿಕೋ ಎಂದಿದ್ದರು. ಓದು ಬಾರದವನಿಗೆ ಈ ಸೀಮೆಯಲ್ಲಿ ಕೂತು ಮಾಡುವ ಕೆಲಸ ಎರಡೇ. ಒಂದು ಭಿಕ್ಷೆ, ಇನ್ನೊಂದು ಡ್ರೈವರಿಕೆ.

ದೇವರು ಕಣ್ಣು ಬಿಟ್ಟಂತೆ, ಸೈಟಿನ ಟ್ರ್ಯಾಕ್ಟರ್ ಡ್ರೈವರನಿಗೆ ಪನವೇಲ್ ಕಡೆ ಕ್ರೇನಿನ ಕೆಲಸ ಸಿಕ್ಕಿ ಅವನು ಹಿಂದಿನ ಸಂಜೆಯೇ ಗಂಟುಮೂಟೆ ಕಟ್ಟಿದ್ದ. ಬೆಳಿಗ್ಗೆ ಎಂಟಕ್ಕೆ ಸ್ಲ್ಯಾಬ್ ಹಾಕುವ ಕೆಲಸ ಶುರುವಾಯಿತು. ಎಂಟೂವರೆಗೆ ಸೂಪರ್‌ವೈಜರ್ ದಯಾನಂದ ತಲೆಯ ಮೇಲೆ ಕೈ ಹೊತ್ತುಕೊಂಡು ಬಂದ. ಕಾರ್ಕಳದ ಮನುಷ್ಯ, ಸಿಟ್ಟು ಬಂದರೂ ‘ಮಾರಾಯ’ ಬಿಡದವನು.

“ಟ್ರ್ಯಾಕ್ಟರ್ ಬಿಡ್ಲಿಕ್ಕೆ ಯಾರಿಗೆ ಬರ್ತದೆ ಇಲ್ಲಿ?”

ಮಾಪಣ್ಣ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಂದು ಕೈ ಅವನನ್ನು ಮುಂದಕ್ಕೆ ನೂಕಿತು. ಅದು ರೇವಣಸಿದ್ದನ ಕೈ. ಆಳಂದ ಕಡೆಯ ರೇವಣಸಿದ್ದ ಪಕ್ಕದ ಖೋಲಿಯವನು. ಇಬ್ಬರ ಸಂಸಾರದ ನಡುವೆ ಒಂದು ತಗಡು ಮಾತ್ರ ಇದ್ದದ್ದರಿಂದ ಮಾಪಣ್ಣನ ವಿಷಯ ಮಾಪಣ್ಣನಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು.

“ಇವಗ ಬರ್ತದ್ರಿ ಸಾಹೇಬ್ರ! ಊರಾಗ ಟ್ರ್ಯಾಕ್ಟರ್ ಹೊಡೀತಿದ್ದೆ ಅಂತ ದಿನಾ ರಾತ್ರಿ ಹೆಂಡ್ತಿ ಮುಂದ ಹೇಳ್ತಾನ.”

“ಹೌದಾ ಮಾರಾಯ?”

“ಹೊಡೀತಿದ್ನಿರಿ. ಎರಡು ಸುಗ್ಗಿ ಹೊಡದೀನಿ,” ಎಂದ ಮಾಪಣ್ಣ. ಸುಳ್ಳೇನಲ್ಲ.

“ಹಾಗಾದ್ರೆ ಕೇಳು. ಟಾಕಿಯಲ್ಲಿರುವ ನೀರು ಹನ್ನೊಂದು ಗಂಟೆವರೆಗೆ ಮಾತ್ರ. ಅಷ್ಟರೊಳಗೆ ಬಾವಿಯಿಂದ ಒಂದು ಟ್ಯಾಂಕರ್ ತಂದಿ ಅಂತಾದ್ರೆ ಆ ಸೀಟು ನಿಂದು, ಪರ್ಮನೆಂಟ್. ಸ್ಲ್ಯಾಬ್ ಅರ್ಧದಲ್ಲಿ ನಿಂತಿತು ಅಂತಾದ್ರೆ ನೀನೂ ನಿನ್ನ ಹೆಂಡ್ತಿಯೂ ನಾಳೆಯಿಂದ ಮಾಜಿವಾಡಾ ನಾಕಾದಲ್ಲಿ ಹೋಗಿ ನಿಂತ್ಕೊಳ್ಳಿ. ಗೊತ್ತಾಯ್ತಾ?”

ಗೊತ್ತಾಗದೆ ಏನು. ಅರ್ಧಕ್ಕೆ ನಿಂತ ಸ್ಲ್ಯಾಬು ಮುರಿದ ಮೂಳೆಯಿದ್ದಂತೆ, ಕೂಡಿಸಿದರೂ ಕೂಡುವುದಿಲ್ಲ, ಮಳೆ ಬಂದಾಗೆಲ್ಲ ಸೋರುತ್ತದೆ. ನಾಕಾ ಎಂದರೆ ದಿನಾ ಬೆಳಿಗ್ಗೆ ಕೂಲಿಗೆ ಯಾರಾದರೂ ಕರೆದಾರೆಂದು ಸಂತೆಯ ಕುರಿಯ ಹಾಗೆ ಕಾಯುವ ಜಾಗ.

ಪುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದ ಚಂದವ್ವ ಗಂಡನನ್ನು ನೋಡಿ ಒಂದು ಗಳಿಗೆ ನಿಂತಳು. “ಕುಂಡರೂ ಕೆಲಸ ಅಂತ ಮ್ಯಾಲ ಕುಂತು ನಿದ್ದಿ ಹೊಡೀಬ್ಯಾಡ್ರಿ ಮತ್ತ,” ಎಂದಳು. ಹಾಗೆಂದರೆ ಅವಳ ಭಾಷೆಯಲ್ಲಿ ಆಶೀರ್ವಾದ.

ಆ ಟ್ರ್ಯಾಕ್ಟರಿನ ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ಅದರ ಕೆಂಪು ಎಲ್ಲಿ ಮುಗಿದು ತುಕ್ಕು ಎಲ್ಲಿ ಶುರುವಾಗುತ್ತದೆಂದೂ ಹೇಳುವಂತಿರಲಿಲ್ಲ. ಬೇರೆ ಟ್ರ್ಯಾಕ್ಟರುಗಳಲ್ಲಿ ಹಿಂದಕ್ಕೆ ಹೋಗಲು ಒಂದೋ ಎರಡೋ ಗೇರು. ಇದರಲ್ಲಿ ಆ ಗೇಣುದ್ದದ ಕಡ್ಡಿ. ಕಡ್ಡಿ ಮುಂದೆ ದೂಡಿದರೆ ನಾಲ್ಕೂ ಗೇರು ಮುಂದಕ್ಕೆ, ಹಿಂದೆ ಎಳೆದರೆ ಅದೇ ನಾಲ್ಕೂ ಗೇರು ಹಿಂದಕ್ಕೆ. ಒಂದೇ ನಿಯಮ. ಗಾಡಿ ಪೂರ್ತಿ ನಿಲ್ಲಬೇಕು, ಕ್ಲಚ್ಚು ತಳಮುಟ್ಟ ತುಳಿಯಬೇಕು, ಆಮೇಲೆ ಕಡ್ಡಿ ಮುಟ್ಟಬೇಕು. ಇದನ್ನು ಹೇಳಬೇಕಾದವನು ಪನವೇಲಿನಲ್ಲಿದ್ದ.

ಹೋಗುವಾಗ ಏನೂ ಆಗಲಿಲ್ಲ. ಖಾಲಿ ಟ್ಯಾಂಕರ್ ಹಿಂದೆ ಗಡಗಡ ಎನ್ನುತ್ತಿತ್ತು, ರೇವಣಸಿದ್ದ ಮಡ್‌ಗಾರ್ಡಿನ ಮೇಲೆ ಕೂತು, ಕೇಳದಿದ್ದರೂ ಸಲಹೆ ಕೊಡುತ್ತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ. ಗುಡ್ಡದ ಬುಡದ ಬಾವಿಯಲ್ಲಿ ಟ್ಯಾಂಕರ್ ತುಂಬಿತು. ಗಂಟೆ ಒಂಬತ್ತೂವರೆ. ಸೈಟಿಗೆ ಎರಡೇ ಕಿಲೋಮೀಟರ್. ಮಾಪಣ್ಣ ಆಗಲೇ ಮನಸ್ಸಿನಲ್ಲಿ ಸೀಟಿಗೊಂದು ಮೆತ್ತೆ ಹೊಲಿಸಿದ್ದ.

ಬಾವಿಯ ಅಂಗಳದಿಂದ ರಸ್ತೆಗೆ ಸಣ್ಣ ಏರು. ಭಾರಕ್ಕೆ ಇಂಜಿನ್ನು ಉಸಿರು ಕಟ್ಟಿದಂತೆ ಕೆಮ್ಮಿತು. ಮಾಪಣ್ಣ ಊರಿನಲ್ಲಿ ಹೊಡೆದಿದ್ದ ಟ್ರ್ಯಾಕ್ಟರಿನಲ್ಲಿ ಸ್ಟೇರಿಂಗಿನ ಕೆಳಗಿನ ಕಡ್ಡಿ ಎಂದರೆ ರೇಸು. ಏರು ಬಂದರೆ ಕಡ್ಡಿ ಎಳೆ, ಗಾಡಿ ಹಾರುತ್ತದೆ. ಕೈಗೆ ಆ ರೂಢಿ ಹದಿನೈದು ವರ್ಷದ ಮೇಲೂ ಮರೆತಿರಲಿಲ್ಲ. ಕ್ಲಚ್ಚು ತುಸು ಒತ್ತಿದ, ಎಳೆದ.

‘ಕರ್ರ್‌ರ್!’ ಎಂಬ ಸದ್ದಿಗೆ ಬಾವಿಕಟ್ಟೆಯ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು. ಗಾಡಿ ಮೂಗು ಎತ್ತಿ ನಿಂತಿತು, ಒಮ್ಮೆ ಕುಪ್ಪಳಿಸಿತು, ಆಮೇಲೆ ಟ್ಯಾಂಕರನ್ನು ನೂಕಿಕೊಂಡು ನೇರ ಬಾವಿಯ ಕಡೆಗೆ ಹಿಂದೆ ಹಿಂದೆ ಹೊರಟಿತು.

“ಯಪ್ಪೋ! ಬಾವಿ! ಬಾವಿ!” ರೇವಣಸಿದ್ದ ಒಂದು ಕಾಲು ಕೆಳಗಿಳಿಸಿ ಕೂತ.

ಮಾಪಣ್ಣ ಎರಡೂ ಕಾಲಿನಿಂದ ಬ್ರೇಕಿನ ಮೇಲೆ ನಿಂತ. ಟ್ಯಾಂಕರಿನ ಚಕ್ರ ಕಟ್ಟೆಗೆ ಒಂದು ಮಾರು ದೂರದಲ್ಲಿ ನಿಂತಿತು. ಕಡ್ಡಿಯನ್ನು ಮುಂದೆ ದೂಡಿದ, ಹಿಂದೆ ಎಳೆದ, ಅಡ್ಡಡ್ಡ ಅಲ್ಲಾಡಿಸಿದ. ಅದು ಮಕ್ಕಳ ಹಾಲುಹಲ್ಲಿನಂತೆ ಎತ್ತ ಬೇಕಾದರೂ ಬಾಗುತ್ತಿತ್ತು. ಒಳಗೆ ಏನೋ ಕಳಚಿಕೊಂಡಿತ್ತು. ಮೊದಲನೆ ಗೇರು ಹಾಕಿದ, ಹಿಂದಕ್ಕೆ. ಎರಡನೆಯದು, ಹಿಂದಕ್ಕೆ, ಇನ್ನೂ ಜೋರಾಗಿ.

“ಸಾಹೇಬ್ರಿಗಿ ಫೋನ್ ಹಚ್ಚು,” ಎಂದ ರೇವಣಸಿದ್ದ.

“ಹಚ್ಚಿ ಏನ್ ಹೇಳ್ಲಿ? ಗಾಡಿ ಮುರದೀನಿ, ನಾಕಾದಾಗ ನಮ್ಮ ಜಾಗಾ ಹಿಡಿದಿಡ್ರಿ ಅನ್ಲೇನು?”

ಮಾಪಣ್ಣ ಕೆಳಗಿಳಿದು ಗಾಡಿಗೆ ಒಂದು ಸುತ್ತು ಹಾಕಿದ. ಹಟ ಹಿಡಿದ ಹೋರಿ ಮುಂದೆ ಬಾರದಿದ್ದರೆ ಅವನ ಅಪ್ಪ ಅದನ್ನು ಹೊಡೆಯುತ್ತಿರಲಿಲ್ಲ. ಎದುರಿಗೆ ನಿಂತು ಕೊಂಬು ಹಿಡಿದು, ತಾನು ಹಿಂದೆ ಹಿಂದೆ ನಡೆಯುತ್ತಿದ್ದ. ಹೋರಿ ಮುಖ ನೋಡಿಕೊಂಡು ಬರುತ್ತಿತ್ತು. ಟ್ರ್ಯಾಕ್ಟರಿನ ಮೂತಿಗೂ ಒಂದು ಹುಕ್ಕಿತ್ತು, ಕೆಟ್ಟು ನಿಂತಾಗ ಬೇರೆ ಗಾಡಿಗೆ ಕಟ್ಟಿ ಎಳೆಸಿಕೊಳ್ಳಲು.

“ಟ್ಯಾಂಕರ್ ಮುಂದಿನ ಹುಕ್ಕಿಗೆ ಕಟ್ಟೋಣು,” ಎಂದ. “ಗಾಡಿ ಹಿಂದಕ್ಕ ಹೋಗ್ಲಿ. ಟ್ಯಾಂಕರ್ ಬೆನ್ನ ಹತ್ತಿ ಬರ್ತದ.”

ಟ್ಯಾಂಕರನ್ನು ಅದರ ಕಾಲಿನ ಮೇಲೆ ನಿಲ್ಲಿಸಿ ಬಿಚ್ಚಿದರು. ಇನ್ನು ಟ್ರ್ಯಾಕ್ಟರು ಟ್ಯಾಂಕರಿಗೆ ಒಂದು ಪ್ರದಕ್ಷಿಣೆ ಹಾಕಬೇಕಿತ್ತು, ಹಿಮ್ಮುಖವಾಗಿ. ಟ್ಯಾಂಕರಿಗೂ ಬಾವಿಕಟ್ಟೆಗೂ ನಡುವೆ ಗಾಡಿಯಷ್ಟೇ ಅಗಲ, ಮೇಲೆ ನಾಲ್ಕು ಬೆರಳು. ಮಾಪಣ್ಣ ಹಿಡಿದುಕೊಂಡ ಕುತ್ತಿಗೆಯನ್ನು ಹಿಂದಕ್ಕೆ ತಿರುವಿ, ಹಲ್ಲು ಕಚ್ಚಿ, ಆ ಸಂದಿಯಲ್ಲಿ ಗಾಡಿ ನುಗ್ಗಿಸಿದ. ಒಂದು ಚಕ್ರ ಕಟ್ಟೆಯ ಕಲ್ಲನ್ನು ಉಜ್ಜಿತು. ಒಂದು ಕಲ್ಲು ಬಾವಿಗೆ ಬಿದ್ದು, ಬಹಳ ಹೊತ್ತಿನ ಮೇಲೆ ‘ಗುಳುಂ’ ಎಂದಿತು.

“ಆಳ ಅದಲೇ,” ಎಂದ ರೇವಣಸಿದ್ದ ಮೆಲ್ಲಗೆ. ಅವನು ಆಗಲೇ ಇಳಿದು ದೂರ ನಿಂತಿದ್ದ.

ಸುತ್ತು ಮುಗಿದಾಗ ಟ್ರ್ಯಾಕ್ಟರಿನ ಬೆನ್ನು ರಸ್ತೆಗೆ, ಮೂತಿ ಟ್ಯಾಂಕರಿಗೆ. ನೀರು ತುಂಬಿಸಲು ಬಂದಿದ್ದ ನಾಲ್ಕು ಜನ ಕೈ ಹಚ್ಚಿದರು. ಸರಪಳಿ, ಪಿನ್ನು ಎಲ್ಲ ಬಿಗಿಯಾದಾಗ ಹತ್ತೂ ಕಾಲು.

ಈಗ ಮಾಪಣ್ಣನ ಮುಖದೆದುರು ಟ್ಯಾಂಕರು, ಬೆನ್ನ ಹಿಂದೆ ರಸ್ತೆ. ಕುತ್ತಿಗೆ ಒಂದೇ ಸಮ ತಿರುಗದಾದಾಗ ರೇವಣಸಿದ್ದನ ಕಣ್ಣೇ ಗತಿ. ಅವನು ಮಡ್‌ಗಾರ್ಡಿನ ಮೇಲೆ ಹಿಂದುಮುಖವಾಗಿ ಕೂತು ಕೂಗತೊಡಗಿದ.

“ಎಡಕ್ಕ! ಎಡಕ್ಕ ತಗೋ!”

ಮಾಪಣ್ಣ ಎಡಕ್ಕೆ ತಿರುಗಿಸಿದ. ಗಾಡಿ ಪಾನಿನ ಗೂಡಂಗಡಿಯತ್ತ ಹೊರಟಿತು. ಅಂಗಡಿಯವನು ಗಲ್ಲಾಪೆಟ್ಟಿಗೆ ಅಪ್ಪಿಕೊಂಡು ಹೊರಗೆ ಜಿಗಿದ.

“ನನ್ನ ಎಡಕ್ಕಲೇ! ನಿಂದಲ್ಲ!”

“ನಿನ್ನ ಎಡ ತಗೊಂಡು ನಾ ಏನ್ ಮಾಡ್ಲಿ? ಸ್ಟೇರಿಂಗ್ ನನ್ನ ಕೈಯಾಗ ಅದ!”

ಕಡೆಗೆ ಎಡಬಲಗಳನ್ನು ಬಿಟ್ಟು ‘ಗುಡ್ಡದ ಕಡಿ’, ‘ಗಟಾರ ಕಡಿ’ ಎಂದು ಒಪ್ಪಂದವಾಯಿತು. ದಾರಿ ಸುಧಾರಿಸಿತು. ಫೋನು ಬಡಿದುಕೊಂಡಿತು.

“ಎಲ್ಲಿದ್ದಿ ಮಾರಾಯ? ಟಾಕಿ ತಳ ಕಾಣ್ತಾ ಉಂಟು!”

“ಹೊಂಟೀನ್ರಿ ಸಾಹೇಬ್ರ. ಸ್ವಲ್ಪ ಟ್ರಾಫಿಕ್ ಅದರಿ.”

ಅದೂ ಸುಳ್ಳಲ್ಲ. ಆ ಟ್ರಾಫಿಕ್ಕನ್ನು ಅವನೇ ಮಾಡುತ್ತಿದ್ದ. ಸರ್ವಿಸ್ ರಸ್ತೆಗೆ ಇಳಿಯುತ್ತಿದ್ದಂತೆ ಅವನ ಟ್ಯಾಂಕರಿನ ಬಾಲಕ್ಕೆ ರಿಕ್ಷಾ, ಬಸ್ಸು, ಶಾಲೆಯ ವ್ಯಾನುಗಳ ಮೆರವಣಿಗೆ ಕಟ್ಟಿಕೊಂಡಿತು. ಎದುರಿಗೆ, ಅಂದರೆ ಬೆನ್ನಿಗೆ, ಒಬ್ಬ ಟ್ರಾಫಿಕ್ ಹವಾಲ್ದಾರ ಕೈ ಅಡ್ಡ ಹಿಡಿದ.

“ಏ ಥಾಂಬ್! ಉಲ್ಟಾ ಕಾಯ್ ಚಾಲವತೋಸ್?”

ಮಾಪಣ್ಣ ಬ್ರೇಕು ತುಳಿದ. ಲೈಸೆನ್ಸ್ ಕೇಳಿದರೆ ಕತೆ ಮುಗಿಯಿತು, ಅದು ಅವನ ಹತ್ತಿರ ಯಾವ ಕಾಲಕ್ಕೂ ಇರಲಿಲ್ಲ. ಆದರೆ ಹವಾಲ್ದಾರ ಇನ್ನೂ ಉಲ್ಟಾ ಯಾಕೆ ಓಡಿಸುತ್ತೀ ಎಂಬ ಮೊದಲ ಪ್ರಶ್ನೆಯಲ್ಲೇ ಸಿಕ್ಕಿಕೊಂಡಿದ್ದ. ಇದು ಒನ್‌ವೇ. ಗಾಡಿ ಹೋಗುತ್ತಿರುವುದು ಸರಿಯಾದ ದಿಕ್ಕಿಗೆ. ಗಾಡಿಯ ಮುಖ ಇರುವುದು ತಪ್ಪು ದಿಕ್ಕಿಗೆ. ದಂಡ ಯಾವುದಕ್ಕೆ? ಗಾಡಿಗೋ ಮುಖಕ್ಕೋ? ಚೀಟಿಪುಸ್ತಕ ತೆಗೆದ, ಮುಚ್ಚಿದ, ಮುಖ ತಿರುಗಿಸಿ ನೆಟ್ಟಗೆ ಹೋಗು ಎಂದ.

“ಸಾಬ್, ಏ ಆಗೇ ನಹೀ ಜಾತಾ,” ಎಂದ ಮಾಪಣ್ಣ ಕೈಮುಗಿದು. “ಮುಂಡಿ ಘುಮಾಯಾ ತೋ ಪೂರಾ ವಾಪಸ್ ಜಾಯೇಗಾ, ಪಬ್ಲಿಕ್ ಕೇ ಊಪರ್.”

ಮುಂದೆ ಹೋಗದ, ಮುಖ ತಿರುಗಿಸಿದರೆ ಜನರ ಮೇಲೆಯೇ ವಾಪಸು ಬರುವ ಗಾಡಿಯನ್ನು ಹವಾಲ್ದಾರ ತಲೆಯೊಳಗೇ ತಿರುಗಿಸಿ ನೋಡಿದ. ಮುಖ ಸರಿಮಾಡಿದರೆ ಗಾಡಿ ತಪ್ಪು, ಗಾಡಿ ಸರಿಮಾಡಿದರೆ ಮುಖ ತಪ್ಪು. ಹಿಂದಿನ ಮೆರವಣಿಗೆ ಒಟ್ಟಾಗಿ ಹಾರ್ನ್ ಬಾರಿಸಿತು. ಅವನು ಪುಸ್ತಕ ಜೇಬಿಗೆ ತುರುಕಿ, ನನ್ನ ಹದ್ದು ದಾಟಿ ಎಲ್ಲಾದರೂ ಸಾಯಿ ಎಂಬರ್ಥ ಬರುವಂತೆ ಕೈ ಬೀಸಿದ.

ಹತ್ತೂ ನಲವತ್ತು. ಇನ್ನು ಮುಕ್ಕಾಲು ಕಿಲೋಮೀಟರ್. ಮಾಪಣ್ಣ ಮೂರನೆ ಗೇರಿಗೆ ಹಾಕಿದ. ಹಿಂದಕ್ಕೆ ಅಷ್ಟು ಜೋರಾಗಿ ಓಡುವ ವಾಹನವನ್ನು ಆ ರಸ್ತೆ ಕಂಡಿರಲಿಲ್ಲ. ಬಸ್ಸಿನ ಜನ ಕಿಟಕಿಗೆ ಮೊಬೈಲು ಹಿಡಿದಿದ್ದರು.

ಆಗಲೇ ಬಂತು ಒಂದು ಇಪ್ಪತ್ತೆರಡು ಮಾಳಿಗೆಯ ವಸತಿ ಕಾಂಪ್ಲೆಕ್ಸು. ಅಲ್ಲಿ ಎರಡು ದಿನದಿಂದ ನೀರಿರಲಿಲ್ಲ. ಗೇಟಿನ ವಾಚ್‌ಮನ್ ಲೋಕನಾಥನಿಗೆ ಕೊಟ್ಟ ಕೆಲಸ ಒಂದೇ: ಟ್ಯಾಂಕರ್ ಬಂದರೆ ಗೇಟು ತೆರೆ. ಟ್ಯಾಂಕರ್ ಯಾವಾಗಲೂ ಗೇಟಿನೊಳಗೆ ರಿವರ್ಸಿನಲ್ಲೇ ಬರುತ್ತದೆ. ಒಂದು ನೀರಿನ ಟ್ಯಾಂಕರ್ ರಿವರ್ಸಿನಲ್ಲಿ ಬರುವುದನ್ನು ದೂರದಿಂದ ಕಂಡದ್ದೇ ಅವನು ಗೇಟು ಹಾರುಹೊಡೆದು, ರಸ್ತೆಗೆ ಬಂದು, ಬಡಿಗೆ ಅಡ್ಡ ಹಿಡಿದು ಟ್ರಾಫಿಕ್ ನಿಲ್ಲಿಸಿ ಕೂಗಿದ: “ಆನೇ ದೋ! ಆನೇ ದೋ! ಆನೇ ದೋ!”

ಮುಂದೆ ಬರಬೇಕಾದ್ದು ಟ್ಯಾಂಕರು, ಬರುತ್ತಿರುವುದು ಟ್ರ್ಯಾಕ್ಟರು ಎಂಬುದು ಅವನಿಗೆ ಹೊಳೆಯಲಿಲ್ಲ. ಖಾಕಿ ತೊಟ್ಟವರು ಏನು ಹೇಳಿದರೂ ರೇವಣಸಿದ್ದನಿಗೆ ಆಜ್ಞೆ. “ಗುಡ್ಡದ ಕಡಿ ತಗೋ! ರಸ್ತಾ ಬಿಟ್ಟಾರ, ಬಾ ಬಾ!” ಎಂದ.

ಮಾಪಣ್ಣ ತಿರುಗಿಸಿದ. ಕುತ್ತಿಗೆ ತಿರುಗಿಸಿ ನೋಡುವಷ್ಟರಲ್ಲಿ ಸುತ್ತ ಹೂವಿನ ಕುಂಡ, ಈಜುಕೊಳ, ಬಕೆಟ್ ಹಿಡಿದ ಹೆಂಗಸರು. ಟ್ಯಾಂಕರಿನ ಹಿಂದೆ ಗೇಟು ಧಡ್ ಎಂದು ಮುಚ್ಚಿಕೊಂಡಿತು.

ಸೊಸೈಟಿಯ ಸೆಕ್ರೆಟರಿ ಮಧ್ವರಾಜ ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದರು. ಪೈಪು ಆಗಲೇ ಟ್ಯಾಂಕರಿಗೆ ಸಿಕ್ಕಿಸಿಯಾಗಿತ್ತು.

“ಇದು ನಿಮ್ಮದಲ್ರಿ! ಸೈಟಿನ ನೀರ್ರಿ!” ಮಾಪಣ್ಣ ಅಳುವುದೊಂದು ಬಾಕಿ.

“ಓ, ನೀವು ಕನ್ನಡದವರಾ? ನಮ್ಮವರೇ ಆಯ್ತಲ್ಲ! ಹಾಗಾದ್ರೆ ಮತ್ತೆ ಚಿಂತೆ ಎಂತದ್ದು, ಬಿಡಿ ಬಿಡಿ.”

“ಸ್ಲ್ಯಾಬ್ ನಿಂತ್ರ ನನ್ನ ಕೆಲಸ ಹೋಗ್ತದ್ರಿ ಯಜಮಾನ್ರ. ಕಾಲಿಗೆ ಬೀಳ್ತೀನಿ.”

“ನಾನು ಸ್ನಾನ ಮಾಡದೆ ಎರಡು ದಿನ ಆಯ್ತು ಮಾರಾಯ್ರೆ. ನಾನು ಯಾರ ಕಾಲಿಗೆ ಬೀಳುವುದು?”

ನೀರು ಗಳಗಳ ಎಂದು ಕಾಂಪ್ಲೆಕ್ಸಿನ ಹೊಟ್ಟೆಗೆ ಇಳಿಯುತ್ತಿತ್ತು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಮಾಪಣ್ಣ ಎತ್ತಲಿಲ್ಲ. ಹತ್ತೂ ಐವತ್ತಕ್ಕೆ ಗೇಟಿನ ಹೊರಗೆ ಇನ್ನೊಂದು ಟ್ಯಾಂಕರು ಹಾರ್ನ್ ಹೊಡೆಯಿತು. ಸೊಸೈಟಿ ಕರೆಸಿದ್ದು ಅದನ್ನು. ಮಧ್ವರಾಜರು ಅದನ್ನೂ ಇದನ್ನೂ ಎರಡೆರಡು ಸಲ ನೋಡಿದರು.

“ಹಾಗಾದ್ರೆ ನೀವು ಒಳಗೆ ಯಾಕೆ ಬಂದದ್ದು?”

“ಕರದ್ರಿ, ಬಂದ್ವಿ,” ಎಂದ ರೇವಣಸಿದ್ದ ಗಂಭೀರವಾಗಿ.

ಪೈಪು ಕಿತ್ತರು. ಟ್ಯಾಂಕರಿನ ಕಾಲುಭಾಗ ನೀರು ಹೋಗಿತ್ತು. ಬಂದ ಗೇಟಿನಲ್ಲಿ ಇನ್ನೊಂದು ಟ್ಯಾಂಕರು ನಿಂತಿತ್ತು, ಅದು ಇಲ್ಲದಿದ್ದರೂ ಮುಂದಕ್ಕೆ ಹೋಗುವ ಯೋಗ ಮಾಪಣ್ಣನಿಗಿರಲಿಲ್ಲ. ಕಟ್ಟಡದ ಸುತ್ತ ಹಿಂದೆ ಹಿಂದೆ ಒಂದು ಸುತ್ತು ಬಂದು, ಎರಡು ಕುಂಡ ಉರುಳಿಸಿ, ಈಜುಕೊಳದ ಅಂಚಿನಲ್ಲಿ ಒಂದು ಚಕ್ರ ಗಾಳಿಯಲ್ಲಿ ನಡೆಸಿ, ಆಚೆಯ ಗೇಟಿನಿಂದ ರಸ್ತೆಗೆ ಬಿದ್ದ. ನಾಲ್ಕನೆ ಗೇರು ಹಾಕಿದ.

ಸೈಟಿನ ಮೇಲೆ ಮಿಕ್ಸರಿನ ಸದ್ದು ಆಗಲೇ ನಿಂತಿತ್ತು. ಕೆಲಸದವರು ಸಾಲಾಗಿ ಪುಟ್ಟಿ ಕೆಳಗಿಟ್ಟು ಸುಮ್ಮನೆ ನಿಂತಿದ್ದರು. ಚಂದವ್ವ ಸ್ಲ್ಯಾಬಿನ ಅಂಚಿನಲ್ಲಿ ನಿಂತು ರಸ್ತೆ ನೋಡುತ್ತಿದ್ದಳು. ದಯಾನಂದ ಗಡಿಯಾರ ನೋಡುವುದನ್ನೂ ಬಿಟ್ಟಿದ್ದ. ಹನ್ನೊಂದಕ್ಕೆ ಒಂದು ನಿಮಿಷ ಇರುವಾಗ ಕಬ್ಬಿಣದ ರಾಶಿಗೂ ಗೋಡೆಗೂ ನಡುವಿನ ಓಣಿಯಲ್ಲಿ ಒಂದು ಟ್ರ್ಯಾಕ್ಟರಿನ ಹಿಂಭಾಗ ಕಾಣಿಸಿತು. ಹಳೆಯ ಡ್ರೈವರು ಆ ಓಣಿಯಲ್ಲಿ ರಿವರ್ಸ್ ತೆಗೆದುಕೊಳ್ಳಲು ಅರ್ಧ ಗಂಟೆ ಬೆವರುತ್ತಿದ್ದ. ಮಾಪಣ್ಣ ಬಾಣದಂತೆ ಬಂದು ಟಾಕಿಯ ಮಗ್ಗುಲಿಗೆ ನಿಲ್ಲಿಸಿದ.

ಪೈಪು ಸಿಕ್ಕಿತು, ಮಿಕ್ಸರು ತಿರುಗಿತು, ಪುಟ್ಟಿಗಳು ಮೇಲೇರಿದವು. ಸ್ಲ್ಯಾಬು ಉಳಿಯಿತು. ಮೇಲಿನಿಂದ ಚಂದವ್ವ ಗಂಡನ ಕಡೆ ನೋಡಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಒರೆಸಿದ್ದು ಬೆವರೆಂದು ತೋರಿಸಿಕೊಂಡಳು.

ಆದರೆ ಗಂಡಾಂತರ ಕಳೆದಿರಲಿಲ್ಲ. ಮಧ್ಯಾಹ್ನ ಎರಡನೆ ಖೇಪಿನ ನೀರಿಗೆ ಗಾಡಿ ತೆಗೆ ಎಂದಾಗ ಮಾಪಣ್ಣ ತಲೆ ತಗ್ಗಿಸಿ, ಗಾಡಿ ಮುಂದಕ್ಕೆ ಹೋಗುವುದಿಲ್ಲ ಎಂದು ನಿಜ ಹೇಳಲೇಬೇಕಾಯಿತು. ದಯಾನಂದ ಮೆಕ್ಯಾನಿಕ್ ಗುರುನಾಥನನ್ನು ಕರೆಸಿದ. ಗುರುನಾಥ ಗಾಡಿಯ ಕೆಳಗೆ ನುಸುಳಿ, ಎರಡು ಪೆಟ್ಟು ಹೊಡೆದು, ಹತ್ತು ನಿಮಿಷದಲ್ಲಿ ಹೊರಬಂದ.

“ಒಂದ್ ಪಿನ್ನು ಬಿದ್ದಿತ್ತು. ಓಡೋವಾಗ ಕಡ್ಡಿ ಎಳದಾರ.”

ದಯಾನಂದ ಮಾಪಣ್ಣನ ಕಡೆ ತಿರುಗಿದ. “ಅಂದ್ರೆ ಬಾವಿಯಿಂದ ಇಲ್ಲಿವರೆಗೆ ಪೂರಾ ರಿವರ್ಸಿನಲ್ಲಿ ಬಂದದ್ದಾ? ಸರ್ವಿಸ್ ರೋಡಿನಲ್ಲಿ?”

“ತಪ್ಪಾತ್ರಿ ಸಾಹೇಬ್ರ.”

“ತಪ್ಪಾ? ಹದಿನೆಂಟು ವರ್ಷ ಆಯ್ತು ಮಾರಾಯ ನಾನು ಸೈಟ್ ನೋಡ್ಲಿಕ್ಕೆ ಸುರು ಮಾಡಿ. ಹೀಗೆ ರಿವರ್ಸ್ ಗೊತ್ತಿರುವ ಜನ ನೋಡ್ಲಿಲ್ಲ!” ದಯಾನಂದ ಅವನ ಬೆನ್ನು ತಟ್ಟಿದ. ಇಂಜಿನಿಯರನ್ನೂ ಕರೆದು ಕತೆ ಹೇಳಿದ. ಇಂಜಿನಿಯರ್ ಕೈ ಕುಲುಕಿದ. ಮಾಪಣ್ಣನಿಗೆ ಸೀಟಿನ ಮೆತ್ತೆಯ ಬಣ್ಣವೂ ಕಣ್ಣಿಗೆ ಕಟ್ಟಿತು, ನೀಲಿ.

“ಇಂಥವನನ್ನು ಟ್ರ್ಯಾಕ್ಟರಿನಲ್ಲಿ ಹಾಳು ಮಾಡ್ಲಿಕ್ಕಿಲ್ಲ,” ಎಂದ ದಯಾನಂದ. “ನಾಳೆಯಿಂದ ಪಕ್ಕದ ಪ್ಲಾಟಿನ ಪಾಯ ತೆಗೀತಾರೆ. ದಿನಕ್ಕೆ ಅರವತ್ತು ಡಂಪರ್, ಎಲ್ಲಾ ಈ ಓಣಿಯಲ್ಲಿ ರಿವರ್ಸ್ ಬರಬೇಕು. ಹೋದ ಸಲ ಒಬ್ಬ ಕಂಪೌಂಡೇ ಕೆಡವಿದ. ಇನ್ನು ಆ ಜವಾಬ್ದಾರಿ ನಿಂದು.” ಆಫೀಸಿನಿಂದ ಒಂದು ಹಸಿರು ಜಾಕೀಟು, ಕೆಂಪು ಬಾವುಟ, ಒಂದು ಸೀಟಿ ತಂದು ಅವನ ಕೈಗಿಟ್ಟ. “ಡಂಪರಿನ ಹಿಂದೆ ನೀನು ನಿಂತ್ಕೊಂಡು ದಾರಿ ತೋರಿಸ್ಬೇಕು. ಬೆಳಿಗ್ಗೆ ಎಂಟರಿಂದ ಸಂಜೆ ಏಳು.”

ಮಾಪಣ್ಣ ಸೀಟಿಯನ್ನು ನೋಡಿದ. “ಕುಂಡರ್ಲಾಕ...?”

“ಕೂತ್ರೆ ಡಂಪರ್ ಮೈಮೇಲೆ ಬರ್ತದೆ ಮಾರಾಯ.”

“ಮತ್ತ ಟ್ರ್ಯಾಕ್ಟರ್ ಯಾರು ಹೊಡಿಯವ್ರು?”

“ಮುಂದೆ ಹೋಗ್ಲಿಕ್ಕೆ ಯಾರಾದ್ರೂ ಸಾಕು. ಇವನ ಹತ್ರ ಲೈಸೆನ್ಸ್ ಉಂಟಂತೆ.”

ರೇವಣಸಿದ್ದ ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಸುತ್ತಿದ ಒಂದು ಕಾರ್ಡು ತೆಗೆದು ಹಿಡಿದಿದ್ದ. ಎಂದೋ ಕಲಬುರಗಿಯಲ್ಲಿ ಮಾಡಿಸಿದ್ದು, ಸುಕ್ಕೂ ಬಿದ್ದಿರಲಿಲ್ಲ.

ಮಾಪಣ್ಣ ಆ ಕಾರ್ಡನ್ನು ತಿರುವಿ ನೋಡಿದ. “ಲೈಸೆನ್ಸ್ ಇಟ್ಕೊಂಡು ಮುಂಜಾನಿಂದ ಯಾಕ ಸುಮ್ಮ ಕುಂತಿದ್ಯೋ?”

“ನೀ ಕೇಳ್ಲಿಲ್ಲಲ್ಲ,” ಎಂದ ರೇವಣಸಿದ್ದ. “ಮತ್ತ ನನಗ ಗಾಡಿ ಹೊಡೀಲಾಕ ಬರ್ತಿರಲಿಲ್ಲ. ಇವತ್ತ ನಿನ್ನ ನೋಡಿ ನೋಡಿ ಕಲ್ತೆ.”

ಅವನು ಹತ್ತಿ ಸೀಟಿನ ಮೇಲೆ ಕೂತ, ಎರಡು ಸಲ ಕುಪ್ಪಳಿಸಿ ಮೆತ್ತಗಿದೆಯೇ ನೋಡಿದ. ಗಾಡಿ ನಿಲ್ಲಿಸಿಯೇ ಇತ್ತು. ಕ್ಲಚ್ಚನ್ನು ತಳಮುಟ್ಟ ತುಳಿದು, ಕಡ್ಡಿಯನ್ನು ಹೂವಿನ ಹಾಗೆ ಹಿಂದಕ್ಕೆ ಎಳೆದ. ಓಣಿಯಿಂದ ಹೊರಗೆ ಹೋಗಲು ಮೊದಲು ಒಂದಿಷ್ಟು ಹಿಂದೆ ತೆಗೆಯಬೇಕಿತ್ತು.

“ಲೇ ಮಾಪಣ್ಣಾ,” ಎಂದು ಮೇಲಿನಿಂದ ಕೂಗಿದ, “ಹಾಂಗ್ಯಾಕ ನಿಂತೀಯೋ? ಹಿಂದ ಯಾರರ ಅದಾರೇನು ನೋಡಿ ಸೀಟಿ ಹೊಡಿ.”

ಮಾಪಣ್ಣ ಜಾಕೀಟಿನ ಗುಂಡಿ ಹಾಕಿಕೊಂಡ, ಟ್ರ್ಯಾಕ್ಟರಿನ ಬೆನ್ನ ಹಿಂದೆ ಹೋಗಿ ನಿಂತ, ಸೀಟಿ ಬಾಯಿಗಿಟ್ಟು, ಗಾಡಿಯನ್ನು ನೋಡುತ್ತ, ಒಂದೊಂದೇ ಹೆಜ್ಜೆ ಹಿಂದೆ ಹಿಂದೆ ನಡೆಯತೊಡಗಿದ.